ಏಳನೆಯವನಿಗೆ ಇಲ್ಲದ ಆಸನ: ಥೂಲೆ ವಾಯುನೆಲೆಯ 1968ರ ಅಪಘಾತ, ಒಂದು ಪ್ರಕರಣ ಅಧ್ಯಯನ

ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಯ ಥೂಲೆ ವಾಯುನೆಲೆಯ ಎದುರಿಗಿರುವ ಕೊಲ್ಲಿಯಲ್ಲಿ, 1968ರ ಜನವರಿ 21ರಂದು, ಅಮೆರಿಕದ ವಾಯುಪಡೆಗೆ ಸೇರಿದ ಬಿ-52 ಬಾಂಬರ್ ವಿಮಾನವೊಂದು ಹೆಪ್ಪುಗಟ್ಟಿದ ಸಮುದ್ರದ ಮೇಲೆ ಬಿದ್ದು ಸುಟ್ಟುಹೋಯಿತು. ಅದರ ಒಡಲಲ್ಲಿ ನಾಲ್ಕು ಹೈಡ್ರೋಜನ್ ಬಾಂಬುಗಳಿದ್ದವು. ವಿಮಾನದಲ್ಲಿದ್ದ ಏಳು ಮಂದಿಯಲ್ಲಿ ಆರು ಮಂದಿ ಬದುಕಿದರು, ಒಬ್ಬರು ತೀರಿಕೊಂಡರು. ಬಾಂಬುಗಳ ಅಣುಸ್ಫೋಟ ನಡೆಯಲಿಲ್ಲ, ಆದರೆ ಅವುಗಳೊಳಗಿನ ಸಾಮಾನ್ಯ ಸಿಡಿಮದ್ದು ಸಿಡಿದು ಪ್ಲುಟೋನಿಯಂ ಹಿಮದ ಮೇಲೆಲ್ಲ ಚದುರಿತು.

ಈ ಘಟನೆಯನ್ನು ಸಾಮಾನ್ಯವಾಗಿ ಅಣುಬಾಂಬಿನ ಕಥೆಯಾಗಿಯೇ ಹೇಳುತ್ತಾರೆ, ಅದು ಸಹಜವೂ ಹೌದು. ಆದರೆ ತನಿಖೆಯಿಂದ ಹೊರಬಂದ ಸಂಗತಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಎದ್ದು ಕಂಡದ್ದು ಬೇರೆಯದು. ಇಲ್ಲಿ ಅನಾಹುತಕ್ಕೆ ದಾರಿ ಮಾಡಿಕೊಟ್ಟದ್ದರಲ್ಲಿ ಬಹುಪಾಲು, ಯಾವುದೋ ಸುರಕ್ಷತೆಗಾಗಿ ಇಲ್ಲವೇ ಅನುಕೂಲಕ್ಕಾಗಿ ಮೂಲ ವ್ಯವಸ್ಥೆಯ ಮೇಲೆ ಆಮೇಲೆ ಸೇರಿಸಿದ್ದು. ದಣಿವು ನೀಗಲೆಂದು ಸೇರಿಸಿದ ಹೆಚ್ಚುವರಿ ಪೈಲಟ್, ಕೂರಲು ಹಿತವಾಗಲೆಂದು ತಂದ ಹೆಚ್ಚುವರಿ ಮೆತ್ತೆಗಳು, ಚಳಿ ತಡೆಯಲಾರದೆ ಪಡೆದ ಹೆಚ್ಚುವರಿ ಬಿಸಿಗಾಳಿ. ಇವೆಲ್ಲಕ್ಕಿಂತ ಮೇಲೆ, ರಾಡಾರ್ ಕೇಂದ್ರವೊಂದರ ಮೇಲೆ ಇಟ್ಟ ಹೆಚ್ಚುವರಿ ಕಾವಲಾಗಿದ್ದ ಆ ಹಾರಾಟ. ಸೇರಿಸುವಾಗ ಅದರಿಂದ ಬರುವ ಲಾಭವನ್ನು ಎಣಿಸಿದರು, ಅದು ಬೇಡುವ ಜಾಗ, ಆಸನ, ಗಮನ ಇವುಗಳ ಲೆಕ್ಕ ಹಾಕಲಿಲ್ಲ. ಈ ಒಂದು ಎಳೆಯನ್ನು ಹಿಡಿದು ಇಡೀ ಪ್ರಕರಣವನ್ನು ಇಲ್ಲಿ ನೋಡಿದ್ದೇನೆ. ಸಿಬ್ಬಂದಿಯ ಹೆಸರುಗಳನ್ನು ಬೇಕೆಂದೇ ಬಿಟ್ಟು ಹುದ್ದೆಗಳಿಂದಷ್ಟೇ ಗುರುತಿಸಿದ್ದೇನೆ. ಒಬ್ಬೊಬ್ಬರ ತಪ್ಪನ್ನು ಎತ್ತಿ ತೋರಿಸುವುದು ಈ ಬರಹದ ಉದ್ದೇಶವಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದರು ಎಂಬುದೇ ಈ ಪ್ರಕರಣವನ್ನು ಓದಬೇಕಾದ ಕಾರಣ.

ಹಿನ್ನೆಲೆ

ಥೂಲೆ ನೆಲೆಯು ಆರ್ಕ್ಟಿಕ್ ವೃತ್ತದಿಂದ ಸುಮಾರು 1,100 ಕಿಲೋಮೀಟರ್ ಉತ್ತರಕ್ಕಿದೆ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ಆಳ್ವಿಕೆಗೆ ಒಳಪಟ್ಟ ನಾಡಾದ್ದರಿಂದ, 1951ರಲ್ಲಿ ಎರಡೂ ದೇಶಗಳ ನಡುವೆ ಆದ ರಕ್ಷಣಾ ಒಪ್ಪಂದದ ಅಡಿಯಲ್ಲಿ ಅಮೆರಿಕ ಅದನ್ನು ಕಟ್ಟಿತು. ನೆಲೆ ಬೆಳೆದಂತೆ, ಆ ಕರಾವಳಿಯಲ್ಲಿ ತಲೆತಲಾಂತರದಿಂದ ಬೇಟೆಯಾಡಿ ಬದುಕಿದ್ದ ಇನುಘುಯಿಟ್ ಜನರ 27 ಕುಟುಂಬಗಳನ್ನು 1953ರಲ್ಲಿ ಅಲ್ಲಿಂದ ಎಬ್ಬಿಸಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದ ಕಾನಾಕ್ ಎಂಬಲ್ಲಿಗೆ ಕಳುಹಿಸಲಾಯಿತು. ಈ ಸಂಗತಿ ಅಪಘಾತಕ್ಕೆ ನೇರವಾಗಿ ಸಂಬಂಧಿಸಿದ್ದಲ್ಲ ಎಂದು ತೋರಬಹುದು, ಆದರೆ ಆ ನೆಲದ ಮೇಲೆ ಏನು ಹಾರಬೇಕು, ಏನನ್ನು ಹೊತ್ತು ಹಾರಬೇಕು ಎಂಬ ತೀರ್ಮಾನಗಳಲ್ಲಿ ಅಲ್ಲಿನವರಿಗೆ ಮೊದಲಿನಿಂದಲೂ ಮಾತಿರಲಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

1960ರ ಹೊತ್ತಿಗೆ ಥೂಲೆಯಲ್ಲಿ ಭಾರೀ ರಾಡಾರ್ ಕೇಂದ್ರವೊಂದು ಎದ್ದಿತು. ಸೋವಿಯತ್ ಒಕ್ಕೂಟದಿಂದ ಧ್ರುವದ ಮೇಲಿಂದ ಹಾರಿಬರಬಹುದಾದ ಕ್ಷಿಪಣಿಗಳನ್ನು ಮುಂಚಿತವಾಗಿ ಕಂಡು ಎಚ್ಚರಿಸುವುದು ಅದರ ಕೆಲಸ. ಈ ಎಚ್ಚರಿಕೆ ಅಮೆರಿಕದ ಯೋಜನೆಗಳಿಗೆ ಎಷ್ಟು ಮುಖ್ಯವಾಗಿತ್ತೆಂದರೆ, ಕೇಂದ್ರದಿಂದ ಸಂದೇಶ ನಿಂತುಹೋದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬ ಪ್ರಶ್ನೆಯೇ ಒಂದು ಆತಂಕವಾಗಿತ್ತು. ತಂತಿ ಕಡಿದದ್ದೋ, ಯಂತ್ರ ಕೆಟ್ಟದ್ದೋ ಅಥವಾ ಶತ್ರುವಿನ ಮೊದಲ ಬಾಂಬು ಬಿದ್ದದ್ದೋ? ಇದಕ್ಕೆ ಪರಿಹಾರವಾಗಿ 1961ರಿಂದ ಒಂದು ಬಿ-52 ವಿಮಾನವನ್ನು ಆ ಪ್ರದೇಶದ ಆಕಾಶದಲ್ಲಿ ಸತತವಾಗಿ ಸುತ್ತುತ್ತಿರುವಂತೆ ನೇಮಿಸಿದರು. ನೆಲೆ ಮೌನವಾದರೆ ಮೇಲಿಂದ ಕೆಳಗೆ ನೋಡಿ, ನೆಲೆ ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಆ ವಿಮಾನ. ಅದೇ ವರ್ಷದ ನವೆಂಬರ್ 24ರಂದು ಥೂಲೆಯೊಂದಿಗಿನ ಸಂಪರ್ಕ ನಿಜವಾಗಿಯೂ ಕಡಿದುಬಿದ್ದಾಗ, ಸುತ್ತುತ್ತಿದ್ದ ವಿಮಾನದಿಂದಲೇ ನೆಲೆ ಸುರಕ್ಷಿತವಾಗಿದೆ ಎಂಬ ಖಾತರಿ ಸಿಕ್ಕಿತು. ಸಾವಿರಾರು ಕಿಲೋಮೀಟರ್ ದೂರದ ಕೊಲೊರಾಡೊದಲ್ಲಿ ಒಂದು ಮೋಟಾರು ಬಿಸಿಯಾಗಿ ಕೆಟ್ಟು ಮಾರ್ಗಗಳು ಸತ್ತಿದ್ದವು, ಅಷ್ಟೇ. ಹೀಗೆ ಆ ಕಾವಲು ಹಾರಾಟ ತನ್ನ ಉಪಯೋಗವನ್ನು ಆರಂಭದಲ್ಲೇ ಸಾಬೀತು ಮಾಡಿತು, ಮತ್ತು ಒಮ್ಮೆ ಸಾಬೀತಾದುದನ್ನು ಮತ್ತೆ ಪ್ರಶ್ನಿಸುವುದು ಕಷ್ಟವಾಯಿತು.

ಈ ವಿಮಾನಗಳು ನಿಜವಾದ ಅಣ್ವಸ್ತ್ರಗಳನ್ನು ಹೊತ್ತೇ ಹಾರುತ್ತಿದ್ದವು. ನೋಡಿ ಹೇಳುವ ಕೆಲಸಕ್ಕೆ ಬಾಂಬುಗಳು ಬೇಕಾಗಿರಲಿಲ್ಲ. ಆದರೆ ಹಗಲಿರುಳು ಬಾಂಬರ್‌ಗಳನ್ನು ಆಕಾಶದಲ್ಲೇ ಸಜ್ಜಾಗಿಡುವ ದೊಡ್ಡ ಕಾರ್ಯಕ್ರಮದ ಭಾಗವಾಗಿ ಈ ಹಾರಾಟ ನಡೆಯುತ್ತಿದ್ದುದರಿಂದ ಅವು ಜೊತೆಗೇ ಬಂದವು. 1966ರ ಜನವರಿ 17ರಂದು ಸ್ಪೇನಿನ ಪಾಲೊಮಾರೆಸ್ ಎಂಬ ಕರಾವಳಿ ಊರಿನ ಮೇಲೆ ಇಂಥದೇ ವಿಮಾನವೊಂದು ಇಂಧನ ತುಂಬುವ ವಿಮಾನಕ್ಕೆ ಡಿಕ್ಕಿ ಹೊಡೆದು ಏಳು ಮಂದಿ ಸತ್ತು, ನಾಲ್ಕು ಬಾಂಬುಗಳು ನೆಲಕ್ಕೂ ಕಡಲಿಗೂ ಬಿದ್ದ ಮೇಲೆ, ರಕ್ಷಣಾ ಕಾರ್ಯದರ್ಶಿಯವರು ಈ ಕಾರ್ಯಕ್ರಮವನ್ನೇ ನಿಲ್ಲಿಸಲು ಬಯಸಿದ್ದರು. ಸೇನಾ ಮುಖ್ಯಸ್ಥರು ಒಪ್ಪಲಿಲ್ಲ. ಹಾರಾಟಗಳ ಸಂಖ್ಯೆಯನ್ನು ದಿನಕ್ಕೆ ನಾಲ್ಕಕ್ಕೆ ಇಳಿಸಲಾಯಿತು, ಥೂಲೆಯ ಕಾವಲು ಮಾತ್ರ ಮುಂದುವರಿಯಿತು. ಪ್ರಕರಣದ ಮೊದಲ ತಿರುವು ಇದೇ ಎಂದು ನಾನು ಎಣಿಸುತ್ತೇನೆ. ಸಂಖ್ಯೆಯನ್ನು ಕಡಿಮೆ ಮಾಡಿದರೆ ಅಪಾಯವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದು ನಿಜ, ಆದರೆ ಉಳಿದ ಒಂದೊಂದು ಹಾರಾಟದೊಳಗಿನ ಅಪಾಯ ಎಳ್ಳಷ್ಟೂ ಬದಲಾಗಿರಲಿಲ್ಲ.

ಇನ್ನೊಂದು ತೊಡಕು ರಾಜಕೀಯದ್ದು. ಶಾಂತಿಕಾಲದಲ್ಲಿ ತನ್ನ ನೆಲದಲ್ಲಿ ಅಣ್ವಸ್ತ್ರಗಳಿಗೆ ಅವಕಾಶವಿಲ್ಲ ಎಂಬುದು 1957ರಿಂದ ಡೆನ್ಮಾರ್ಕಿನ ಘೋಷಿತ ನೀತಿ. ಅದೇ 1957ರ ನವೆಂಬರಿನಲ್ಲಿ ಅಮೆರಿಕದ ರಾಯಭಾರಿಯು ಗ್ರೀನ್‌ಲ್ಯಾಂಡಿನ ವಿಚಾರವನ್ನು ಎತ್ತಿದಾಗ, ಆಗಿನ ಪ್ರಧಾನಿಯವರು ಅದಕ್ಕೆ ತಮ್ಮ ಕಡೆಯಿಂದ ಹೇಳಬೇಕಾದ್ದೇನೂ ಇಲ್ಲವೆಂಬ ಅರ್ಥದ ಉತ್ತರ ಕೊಟ್ಟಿದ್ದರು. ಅಮೆರಿಕ ಅದನ್ನು ಮೌನ ಸಮ್ಮತಿಯೆಂದು ತಿಳಿಯಿತು. ಜನರಿಗೆ ಒಂದು ಮಾತು, ಮಿತ್ರದೇಶಕ್ಕೆ ಇನ್ನೊಂದು. ಇದು ಬಯಲಾಗಲು 1995ರವರೆಗೆ ಕಾಯಬೇಕಾಯಿತು.

ಆ ದಿನ ಆಕಾಶದಲ್ಲಿ

ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್ ನೆಲೆಯಿಂದ ಹೊರಟ ಆ ಬಿ-52ಜಿ ವಿಮಾನದಲ್ಲಿ ಏಳು ಮಂದಿಯಿದ್ದರು. ಈ ಮಾದರಿಯಲ್ಲಿ ಸಿಬ್ಬಂದಿಯನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಆಸನಗಳು ಇರುವುದು ಆರೇ: ಮೇಲಿನ ಅಂತಸ್ತಿನಲ್ಲಿ ನಾಲ್ಕು, ಕೆಳಗಿನ ಅಂತಸ್ತಿನಲ್ಲಿ ಎರಡು. ದೀರ್ಘ ಹಾರಾಟದಲ್ಲಿ ಪೈಲಟ್‌ಗಳು ದಣಿಯಬಾರದೆಂದು ಮೂರನೆಯ ಪೈಲಟ್ ಒಬ್ಬರು ಇರುವುದು ಕಡ್ಡಾಯವಾಗಿತ್ತು. ಅವರಿಗೆ ಅಂಥ ಆಸನವಿರಲಿಲ್ಲ. ಆಪತ್ತು ಬಂದರೆ ಏಳನೆಯವರು ಕೆಳಗಿನ ಬಾಗಿಲಿನ ಕಿಂಡಿಯಿಂದ ತಾವೇ ಧುಮುಕಬೇಕಿತ್ತು.

ಹೊರಡುವ ಮೊದಲು ಈ ಮೂರನೆಯ ಪೈಲಟ್ ಬಟ್ಟೆಯ ಹೊದಿಕೆಯಿದ್ದ ಮೂರು ಫೋಮ್ ಮೆತ್ತೆಗಳನ್ನು ಕೆಳ ಅಂತಸ್ತಿನ ಹಿಂಭಾಗದಲ್ಲಿ, ತರಬೇತುದಾರನಿಗೆಂದು ಇದ್ದ ಆಸನದ ಅಡಿಯಲ್ಲಿ ಇಟ್ಟರು. ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಇನ್ನೊಂದು ಮೆತ್ತೆಯೂ ಅಲ್ಲಿಗೇ ಸೇರಿತು. ಆ ಆಸನದ ಅಡಿಯಲ್ಲಿ ಬಿಸಿಗಾಳಿ ಹೊರಬರುವ ಕಿಂಡಿಯಿತ್ತು. ಇಕ್ಕಟ್ಟಾದ ವಿಮಾನದೊಳಗೆ ಖಾಲಿ ಕಾಣುವ ಜಾಗ ಅಪರೂಪ, ಕಂಡರೆ ಅಲ್ಲಿ ಏನಾದರೂ ತುರುಕುವುದು ಯಾರಿಗಾದರೂ ತೋಚುವ ಕೆಲಸ. ಆ ಜಾಗ ಖಾಲಿಯಿದ್ದದ್ದು ಗಾಳಿಗಾಗಿ ಎಂಬುದನ್ನು ಅಲ್ಲಿದ್ದ ಯಾವ ಗುರುತೂ ಹೇಳದಿದ್ದರೆ, ಕಣ್ಣಿಗೆ ಅದು ಬರಿಯ ಜಾಗವೇ.

ಮುಂದಿನ ಕೆಲವು ಗಂಟೆಗಳಲ್ಲಿ ವಿಶೇಷವೇನೂ ನಡೆಯಲಿಲ್ಲ. ಸ್ವಯಂಚಾಲಕ ವ್ಯವಸ್ಥೆಯಲ್ಲಿ ದೋಷವಿದ್ದುದರಿಂದ ಆಕಾಶದಲ್ಲೇ ಇಂಧನ ತುಂಬಿಕೊಳ್ಳುವ ಕೆಲಸವನ್ನು ಕೈಯಿಂದಲೇ ನಿಭಾಯಿಸಬೇಕಾಯಿತು, ಅದು ಸರಿಯಾಗಿಯೇ ಮುಗಿಯಿತು. ಅದಾಗಿ ಸುಮಾರು ಒಂದು ಗಂಟೆಯ ನಂತರ, ಗೊತ್ತುಪಡಿಸಿದ ಪ್ರದೇಶದ ಮೇಲೆ ಸುತ್ತುತ್ತಿರುವಾಗ, ಮುಖ್ಯ ಪೈಲಟ್ ತಮ್ಮ ಸಹಪೈಲಟ್‌ಗೆ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು. ಸಹಪೈಲಟ್ ಎದ್ದರು, ಮೂರನೆಯ ಪೈಲಟ್ ಆ ಜಾಗದಲ್ಲಿ ಕೂತರು.

ಈ ಅದಲುಬದಲು ತೀರಾ ದಿನನಿತ್ಯದ ಸಂಗತಿ, ಮೂರನೆಯ ಪೈಲಟ್ ಇದ್ದದ್ದೇ ಅದಕ್ಕಾಗಿ. ಆದರೆ ಆ ಕ್ಷಣದಲ್ಲಿ ಆಸನದೊಂದಿಗೆ ಬದುಕುಳಿಯುವ ಸಾಧ್ಯತೆಯೂ ಕೈಬದಲಾಯಿತು. ಕೆಲಸದ ಸರದಿಯನ್ನು ಬರೆದವರಿಗೆ ದಣಿವಿನ ಲೆಕ್ಕ ಗೊತ್ತಿತ್ತು. ಸರದಿ ಬದಲಾದಾಗಲೆಲ್ಲ ಆಸನವಿಲ್ಲದವರು ಯಾರು ಎಂಬ ಪ್ರಶ್ನೆಯನ್ನೂ ಅದರೊಂದಿಗೇ ಕೇಳುವ ಪದ್ಧತಿ ಇದ್ದಿದ್ದರೆ, ಕನಿಷ್ಠ ಆಪತ್ತು ಘೋಷಿಸಿದ ಕೂಡಲೇ ಆ ಒಬ್ಬರ ನಿರ್ಗಮನವನ್ನು ಎಲ್ಲರಿಗಿಂತ ಮೊದಲು ಯೋಚಿಸಬಹುದಿತ್ತು.

ವಿಮಾನದೊಳಗೆ ಚಳಿ ಹೆಚ್ಚಾಗಿತ್ತು. ಹೀಟರಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಸಾಕಾಗಲಿಲ್ಲ. ಆಗ ಮೂರನೆಯ ಪೈಲಟ್, ಎಂಜಿನ್ನಿನಿಂದ ನೇರವಾಗಿ ಬಿಸಿಗಾಳಿಯನ್ನು ಎಳೆದುಕೊಳ್ಳುವ ಕವಾಟವನ್ನು ತೆರೆದರು. ಎಂಜಿನ್ನಿನ ಗಾಳಿ ವಿಪರೀತ ಬಿಸಿ. ಅದು ದಾರಿಯಲ್ಲಿ ತಣಿದು, ಮನುಷ್ಯರು ತಾಳಬಹುದಾದಷ್ಟು ಶಾಖದೊಂದಿಗೆ ಒಳಬರಬೇಕು. ಹೀಟರಿನಲ್ಲಿದ್ದ ದೋಷದಿಂದ ಆ ಗಾಳಿ ತಣಿಯಲೇ ಇಲ್ಲ. ಕವಾಟ ತೆರೆದ ಕೂಡಲೇ ಇದು ಯಾರಿಗೂ ತಿಳಿಯುವಂತಿರಲಿಲ್ಲ, ಏಕೆಂದರೆ ಚಳಿಯಲ್ಲಿದ್ದವರಿಗೆ ಮೊದಲ ಬಿಸಿ ಹಿತವಾಗಿಯೇ ಬರುತ್ತದೆ. ಮುಂದಿನ ಅರ್ಧ ಗಂಟೆಯಲ್ಲಿ ಒಳಗೆ ತಾಳಲಾರದ ಸೆಕೆಯಾಯಿತು. ಕಿಂಡಿಯ ಮೇಲಿದ್ದ ಮೆತ್ತೆಗಳು ಹೊತ್ತಿಕೊಂಡವು.

ಬೆಂಕಿಗಿಂತ ಮೊದಲು ಗೊತ್ತಾದದ್ದು ವಾಸನೆ. ರಬ್ಬರು ಸುಡುತ್ತಿರುವ ವಾಸನೆ ಬರುತ್ತಿದೆ ಎಂದು ಒಬ್ಬರು ಹೇಳಿದರು, ಎಲ್ಲರೂ ಹುಡುಕಲು ತೊಡಗಿದರು. ನ್ಯಾವಿಗೇಟರ್ ಕೆಳ ಅಂತಸ್ತನ್ನು ಒಮ್ಮೆ ಪೂರ್ತಿ ಜಾಲಾಡಿದರು, ಏನೂ ಕಾಣಲಿಲ್ಲ. ಎರಡನೆಯ ಸಲ ಹುಡುಕಿದಾಗ, ಒಂದು ಲೋಹದ ಪೆಟ್ಟಿಗೆಯ ಹಿಂದೆ ಬೆಂಕಿ ಕಂಡಿತು. ಎರಡು ನಂದಕಗಳನ್ನು ಬಳಸಿದರೂ ಅದು ಆರಲಿಲ್ಲ. ಆ ಎರಡು ಹುಡುಕಾಟಗಳ ನಡುವಿನ ಹೊತ್ತನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಹುಡುಕಿದವರು ಅಜಾಗರೂಕರಾಗಿರಲಿಲ್ಲ. ಬೆಂಕಿ ಇರಬಹುದಾದ ಜಾಗಗಳೆಂದು ತರಬೇತಿಯಲ್ಲಿ ಕಲಿತ ಜಾಗಗಳನ್ನು ಅವರು ನೋಡಿರಬೇಕು, ಆದರೆ ಉರಿಯುತ್ತಿದ್ದದ್ದು ವಿಮಾನದ ಭಾಗವೇ ಅಲ್ಲ. ಯಾರ ಪಟ್ಟಿಯಲ್ಲೂ ಇಲ್ಲದ ವಸ್ತು ಯಾರೂ ನೋಡದ ಮೂಲೆಯಲ್ಲಿ ಹೊತ್ತಿತ್ತು.

ಹದಿನೇಳು ನಿಮಿಷ

ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 22 ನಿಮಿಷಕ್ಕೆ, ಥೂಲೆಯಿಂದ ಸುಮಾರು 140 ಕಿಲೋಮೀಟರ್ ದಕ್ಷಿಣದಲ್ಲಿ, ಮುಖ್ಯ ಪೈಲಟ್ ಆಪತ್ತನ್ನು ಘೋಷಿಸಿ ಥೂಲೆಯಲ್ಲಿ ತುರ್ತಾಗಿ ಇಳಿಯಲು ಅನುಮತಿ ಕೇಳಿದರು. ಐದು ನಿಮಿಷಗಳೊಳಗೆ ನಂದಕಗಳು ಬರಿದಾದವು, ವಿದ್ಯುತ್ ನಿಂತಿತು, ಎದುರಿಗಿರುವ ಮಾಪಕಗಳೇ ಕಾಣದಷ್ಟು ಹೊಗೆ ತುಂಬಿತು. ಇಳಿಸುವುದು ಇನ್ನು ಸಾಧ್ಯವಿಲ್ಲ ಎಂದು ಅರಿತ ಮುಖ್ಯ ಪೈಲಟ್ ಎಲ್ಲರೂ ಹೊರಬೀಳಲು ಸಿದ್ಧರಾಗುವಂತೆ ಹೇಳಿದರು.

ಇಲ್ಲಿ ಅವರು ತೆಗೆದುಕೊಂಡ ತೀರ್ಮಾನವನ್ನು ಮೆಚ್ಚಬೇಕು. ಸಿದ್ಧರಾಗಿ ಎಂದರು, ಆದರೆ ಕೂಡಲೇ ಹಾರಿ ಎನ್ನಲಿಲ್ಲ. ಜನವರಿಯಲ್ಲಿ ಅಲ್ಲಿ ಸೂರ್ಯ ಮೂಡುವುದಿಲ್ಲ, ಮಧ್ಯಾಹ್ನವೂ ಕತ್ತಲೆಯೇ. ಕೆಳಗೆ ಇದ್ದದ್ದು ಸಮುದ್ರ ಮತ್ತು ಅದರ ಮೇಲಿನ ಹಿಮ. ಎಲ್ಲೋ ನಡುವೆ ಇಳಿದವರನ್ನು ಹುಡುಕುವ ಮೊದಲೇ ಚಳಿ ಕೊಲ್ಲುತ್ತಿತ್ತು. ಉಸಿರುಗಟ್ಟಿಸುವ ಹೊಗೆಯಲ್ಲಿ ಅವರೆಲ್ಲ ಕಾದರು. ಮೂರನೆಯ ಪೈಲಟ್ ಕೆಳಗೆ ಥೂಲೆಯ ದೀಪಗಳನ್ನು ಕಂಡು, ನೇರವಾಗಿ ನೆಲೆಯ ಮೇಲಿದ್ದೇವೆ ಎಂದು ಖಚಿತಪಡಿಸಿದ ಮೇಲೆ ನಾಲ್ವರು ಹೊರಚಿಮ್ಮಿದರು, ಅವರ ಹಿಂದೆಯೇ ಮೂರನೆಯ ಪೈಲಟ್ ಮತ್ತು ಮುಖ್ಯ ಪೈಲಟ್ ಹೊರಬಿದ್ದರು. ಆಸನ ಬಿಟ್ಟುಕೊಟ್ಟಿದ್ದ ಸಹಪೈಲಟ್ ಕೆಳಗಿನ ಕಿಂಡಿಯೊಂದರಿಂದ ಧುಮುಕಲು ಹೋಗಿ ತಲೆಗೆ ಬಿದ್ದ ಪೆಟ್ಟಿನಿಂದ ಸತ್ತರು.

ಯಾರೂ ಇಲ್ಲದ ವಿಮಾನ ಸ್ವಲ್ಪ ದೂರ ಉತ್ತರಕ್ಕೆ ಹಾರಿ, ಎಡಕ್ಕೆ ಹೊರಳಿ ಪೂರ್ತಿ ಹಿಂದಿರುಗಿ, 3 ಗಂಟೆ 39 ನಿಮಿಷಕ್ಕೆ ನೆಲೆಯಿಂದ ಪಶ್ಚಿಮಕ್ಕೆ ಸುಮಾರು 12 ಕಿಲೋಮೀಟರ್ ದೂರದ ನಾರ್ತ್ ಸ್ಟಾರ್ ಕೊಲ್ಲಿಯ ಹಿಮದ ಮೇಲೆ ಅಪ್ಪಳಿಸಿತು. ಅಣುಬಾಂಬು ಸಿಡಿಯಬೇಕಾದರೆ ಅದರೊಳಗಿನ ಸಿಡಿಮದ್ದು ಎಲ್ಲ ದಿಕ್ಕಿನಿಂದ ಏಕಕಾಲಕ್ಕೆ, ಕರಾರುವಾಕ್ಕಾಗಿ ಸ್ಫೋಟಿಸಬೇಕು. ಅಪ್ಪಳಿಸಿದ ಹೊಡೆತಕ್ಕೆ ಅಡ್ಡಾದಿಡ್ಡಿಯಾಗಿ ಸಿಡಿದ ಮದ್ದು ಪ್ಲುಟೋನಿಯಂ ಅನ್ನು ಪುಡಿಮಾಡಿ ಚೆಲ್ಲಿತೇ ಹೊರತು ಅಣುಸ್ಫೋಟವಾಗಲಿಲ್ಲ. ಸುಮಾರು 100 ಟನ್ ಇಂಧನ ಐದಾರು ಗಂಟೆಗಳ ಕಾಲ ಉರಿಯಿತು. ಆ ಶಾಖಕ್ಕೆ ಹಿಮ ಕರಗಿ, ಅವಶೇಷಗಳಲ್ಲಿ ಒಂದಷ್ಟು ಕೆಳಗಿನ ಸಮುದ್ರಕ್ಕೆ ಇಳಿದವು.

ಹೊರಚಿಮ್ಮಿದವರಲ್ಲಿ ಇಬ್ಬರು ನೆಲೆಯ ಒಳಗೇ ಇಳಿದಿದ್ದರು. ಆರು ಮಂದಿಯಾದರೂ ಹೊರಬಿದ್ದಿದ್ದಾರೆ, ವಿಮಾನದಲ್ಲಿ ನಾಲ್ಕು ಅಣ್ವಸ್ತ್ರಗಳಿದ್ದವು ಎಂಬ ಸುದ್ದಿ ನೆಲೆಯ ಅಧಿಕಾರಿಗೆ ತಲುಪಿದ್ದು ಅವರಿಂದಲೇ. ಉಳಿದವರನ್ನು ಕತ್ತಲೆಯಲ್ಲಿ, ವಾಹನಗಳು ಸಾಗದ ಹಿಮದ ಮೇಲೆ ಹುಡುಕಬೇಕಿತ್ತು. ಗ್ರೀನ್‌ಲ್ಯಾಂಡಿನ ವ್ಯಾಪಾರ ಇಲಾಖೆಯ ಸ್ಥಳೀಯ ಪ್ರತಿನಿಧಿಯ ಮೂಲಕ ಆ ನಾಡಿನವರ ನೆರವು ಕೋರಲಾಯಿತು, ಅವರು ನಾಯಿಗಳು ಎಳೆಯುವ ಜಾರುಬಂಡಿಗಳನ್ನು ಕಟ್ಟಿಕೊಂಡು ಬಂದರು. ಹದಿನೈದು ವರ್ಷಗಳ ಹಿಂದೆ ಆ ಕರಾವಳಿಯಿಂದ ಎಬ್ಬಿಸಲ್ಪಟ್ಟ ಜನಾಂಗದವರ ವಿದ್ಯೆಯನ್ನೇ ಆ ರಾತ್ರಿ ನೆಲೆ ನೆಚ್ಚಿಕೊಂಡಿತು. ಮೊದಲು ಹೊರಬಿದ್ದಿದ್ದ ಒಬ್ಬರು ಎಲ್ಲರಿಗಿಂತ ದೂರದಲ್ಲಿ ಇಳಿದಿದ್ದರು. ಸೊನ್ನೆಗಿಂತ 31 ಡಿಗ್ರಿ ಕೆಳಗಿನ ಚಳಿಯಲ್ಲಿ, ತಮ್ಮ ಪ್ಯಾರಾಚೂಟಿನ ಬಟ್ಟೆಯನ್ನೇ ಮೈಗೆ ಸುತ್ತಿಕೊಂಡು, 21 ಗಂಟೆಗಳ ಕಾಲ ಹಿಮದ ತುಣುಕೊಂದರ ಮೇಲೆ ಕಳೆದು ಅವರು ಬದುಕಿದರು.

ಏನೇನು ಮಾಡಲಾಯಿತು

ಬೆಳಕು ಚೆಲ್ಲಿ ಮೇಲಿಂದ ನೋಡಿದವರಿಗೆ ಕಪ್ಪಾದ ಹಿಮದ ಮೇಲೆ ಕಂಡದ್ದು ಆರು ಎಂಜಿನ್‌ಗಳು, ಒಂದು ಚಕ್ರದ ಟೈರು ಮತ್ತು ಚೂರುಪಾರು ಮಾತ್ರ. ನಾಲ್ಕು ದಿನಗಳಲ್ಲಿ ವಿಕಿರಣ ಹರಡಿದ ಪ್ರದೇಶದ ಗಡಿಯನ್ನು ಗುರುತಿಸಲಾಯಿತು: ಸುಮಾರು 1.6 ಕಿಲೋಮೀಟರ್ ಅಗಲ, 4.8 ಕಿಲೋಮೀಟರ್ ಉದ್ದ.

ಮುಂದಿನ ನಿರ್ಧಾರಕ್ಕೆ ಕಾಲದ ಗಡುವಿತ್ತು. ಬೇಸಿಗೆ ಬಂದರೆ ಆ ಹಿಮ ಕರಗುತ್ತದೆ, ಅದರ ಮೇಲಿರುವುದೆಲ್ಲ ಕೊಲ್ಲಿಯ ನೀರಿಗೆ ಸೇರುತ್ತದೆ. ಆ ನೀರಿನಲ್ಲಿ ಸೀಲ್, ವಾಲ್ರಸ್‌ಗಳನ್ನು ಬೇಟೆಯಾಡಿ ಜನ ಬದುಕುತ್ತಿದ್ದರು. ಕಲುಷಿತ ಹಿಮವನ್ನು ಗ್ರೀನ್‌ಲ್ಯಾಂಡಿನಲ್ಲಿ ಉಳಿಯಗೊಡಬಾರದು ಎಂದು ಡೆನ್ಮಾರ್ಕ್ ಪಟ್ಟು ಹಿಡಿಯಿತು. ಅಪಘಾತವಾದ ಎರಡೇ ದಿನಕ್ಕೆ, ಜನವರಿ 23ರಂದು, ಆ ದೇಶದಲ್ಲಿ ಸಾರ್ವತ್ರಿಕ ಚುನಾವಣೆಯಿತ್ತು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಹಿಮದ ಮೇಲೆಯೇ ಶಿಬಿರವೊಂದು ಎದ್ದಿತು. ನೆಲೆಯಿಂದ ಅಲ್ಲಿಗೆ ಹಿಮರಸ್ತೆಗಳನ್ನು ಹಾಕಿದರು, ಒಂದೇ ದಾರಿಯಲ್ಲಿ ಭಾರದ ವಾಹನಗಳು ಓಡಾಡಿದರೆ ಹಿಮ ದಣಿದು ಬಿರುಕುಬಿಡುತ್ತದೆಂದು ಮತ್ತೊಂದನ್ನು ಆಮೇಲೆ ಸೇರಿಸಿದರು. ಫೆಬ್ರವರಿ 14ರವರೆಗೆ ಸೂರ್ಯನ ಮುಖವಿಲ್ಲ. ಚಳಿ ಕೆಲವೊಮ್ಮೆ ಸೊನ್ನೆಗಿಂತ 60 ಡಿಗ್ರಿ ಕೆಳಕ್ಕೆ ಇಳಿಯುತ್ತಿತ್ತು. ವಿಕಿರಣವನ್ನು ಅಳೆಯುವ ಉಪಕರಣಗಳ ಬ್ಯಾಟರಿಗಳು ಆ ಚಳಿಗೆ ಸತ್ತುಹೋಗುತ್ತಿದ್ದವು. ಕೊನೆಗೆ ಕೆಲಸಗಾರರು ಬ್ಯಾಟರಿಯನ್ನು ಉಪಕರಣದಿಂದ ಬೇರ್ಪಡಿಸಿ, ಕೋಟಿನ ಒಳಗೆ ಮೈಯ ಬಿಸಿಗೆ ತಾಗುವಂತೆ ಕಟ್ಟಿಕೊಂಡು, ತಂತಿಯನ್ನು ಹೊರಗೆ ಎಳೆದು ಅಳೆದರು. ಯಾವ ಕೈಪಿಡಿಯಲ್ಲೂ ಇಲ್ಲದ ಈ ಉಪಾಯ ಕೆಲಸವನ್ನು ಉಳಿಸಿತು. ಆ ಅಳತೆಗಳೆಲ್ಲ ಒಂದು ರೀತಿಯಲ್ಲಿ ಮನುಷ್ಯರ ಮೈಶಾಖದಿಂದ ಪಡೆದವು.

ರಸ್ತೆ ಸಮತಟ್ಟು ಮಾಡುವ ಗ್ರೇಡರ್ ಯಂತ್ರಗಳಿಂದ ಕಪ್ಪಾದ ಹಿಮವನ್ನು ಕೆರೆದು, ಮರದ ಪೆಟ್ಟಿಗೆಗಳಲ್ಲಿ ನೆಲೆಗೆ ಸಾಗಿಸಿ, ಉಕ್ಕಿನ ಟ್ಯಾಂಕುಗಳಿಗೆ ತುಂಬಿದರು. ಹಿಮ, ನೀರು, ಅವಶೇಷಗಳೆಲ್ಲ ಸೇರಿ ಸುಮಾರು 6,700 ಘನ ಮೀಟರ್‌ನಷ್ಟು ಕಲುಷಿತ ವಸ್ತುವನ್ನು ಹಡಗುಗಳಲ್ಲಿ ದಕ್ಷಿಣ ಕೆರೊಲಿನಾದ ಸವಾನಾ ನದಿಯ ಅಣುಸ್ಥಾವರಕ್ಕೆ ಒಯ್ಯಲಾಯಿತು. ಕೊನೆಯ ಟ್ಯಾಂಕು ಹಡಗೇರಿದ್ದು 1968ರ ಸೆಪ್ಟೆಂಬರ್ 13ರಂದು. ಅಮೆರಿಕದವರೂ ಡೆನ್ಮಾರ್ಕಿನವರೂ ಸೇರಿ ಸುಮಾರು 700 ಮಂದಿ ಇದರಲ್ಲಿ ದುಡಿದರು. ಹಿಮದ ಮೇಲಿನ ಕೆಲಸದ ಮಟ್ಟಿಗೆ ಇದು ಗಡುವಿನೊಳಗೆ ಮುಗಿದ ದೊಡ್ಡ ಸಾಧನೆಯೇ ಸರಿ.

ನೀರಿನ ಕೆಳಗಿನ ಕೆಲಸ ಹಾಗಲ್ಲ. ಆ ಬೇಸಿಗೆಯಲ್ಲಿ ಸಣ್ಣ ಜಲಾಂತರ್ಗಾಮಿಯೊಂದನ್ನು ಕೊಲ್ಲಿಯ ತಳಕ್ಕೆ ಇಳಿಸಿ ಹುಡುಕಿದರು. ಆಯುಧದ ಒಂದು ಭಾಗವನ್ನು ಹುಡುಕುತ್ತಿದ್ದೇವೆ ಎಂಬುದನ್ನು ಡೆನ್ಮಾರ್ಕಿನವರಿಗೂ ಹೇಳಬಾರದೆಂದು ಆಗಿನ ಆಂತರಿಕ ಪತ್ರವೊಂದು ಸೂಚಿಸಿತ್ತು. ಮುಚ್ಚಿಟ್ಟದ್ದರ ಫಲ ದಶಕಗಳ ನಂತರ ಬಂದಿತು: ಪತ್ರಗಳು ಹೊರಬಂದಾಗ, ಇಡೀ ಬಾಂಬೊಂದು ಇನ್ನೂ ಸಮುದ್ರದ ತಳದಲ್ಲಿದೆ ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ನಾಲ್ಕೂ ಬಾಂಬುಗಳು ನಾಶವಾಗಿದ್ದವು, ಹುಡುಕಿದ್ದು ಒಂದು ಬಾಂಬಿನೊಳಗಿನ ಯುರೇನಿಯಂ ಭಾಗವನ್ನು ಮಾತ್ರ ಎಂದು ಡೆನ್ಮಾರ್ಕಿನ ಸಂಶೋಧನಾ ಸಂಸ್ಥೆಯೊಂದು 2009ರಲ್ಲಿ ವಿವರವಾಗಿ ತೋರಿಸಬೇಕಾಯಿತು. ಆಗಲೇ ಹೇಳಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿದ್ದ ಮಾತು ಅದು.

ಬದಲಾದದ್ದು

ಅಣ್ವಸ್ತ್ರ ಹೊತ್ತು ಆಕಾಶದಲ್ಲಿ ಸುತ್ತುವ ಕಾರ್ಯಕ್ರಮ ಅಪಘಾತದ ಬೆನ್ನಲ್ಲೇ ನಿಂತುಹೋಯಿತು. ಪಾಲೊಮಾರೆಸ್‌ನ ನಂತರ ಆಗದೇ ಉಳಿದ ತೀರ್ಮಾನ ಥೂಲೆಯ ನಂತರ ಕೂಡಲೇ ಆಯಿತು. ಬೆಂಕಿ ಮತ್ತು ಹೊಡೆತಗಳಿಗೆ ಸುಲಭವಾಗಿ ಸಿಡಿಯದ ಮದ್ದನ್ನು ಆಯುಧಗಳಲ್ಲಿ ಬಳಸುವತ್ತ ಸಂಶೋಧನೆ ಹೊರಳಿತು. ಅಣ್ವಸ್ತ್ರಕ್ಕೆ ಸಂಬಂಧಿಸಿದ ಅಪಘಾತವಾದರೆ ಪರಸ್ಪರ ತಿಳಿಸಬೇಕೆಂಬ ಒಪ್ಪಂದವನ್ನು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1971ರ ಸೆಪ್ಟೆಂಬರಿನಲ್ಲಿ ಮಾಡಿಕೊಂಡವು.

ಈ ಕೊನೆಯದರ ಮಹತ್ವ ತಿಳಿಯಬೇಕಾದರೆ ಆ ದಿನ ಆಗಬಹುದಾಗಿದ್ದ ಇನ್ನೊಂದನ್ನು ಊಹಿಸಿಕೊಳ್ಳಬೇಕು. ಸಿಬ್ಬಂದಿ ಹೊರಬಿದ್ದದ್ದು ನೆಲೆಯ ನೇರ ಮೇಲೆ. ವಿಮಾನ ಹೊರಳದೆ ಅಲ್ಲೇ ರಾಡಾರ್ ಕೇಂದ್ರದ ಮೇಲೆ ಬಿದ್ದಿದ್ದರೆ, ಅಥವಾ ಬಾಂಬುಗಳಲ್ಲಿ ಒಂದು ನಿಜವಾಗಿಯೂ ಸಿಡಿದಿದ್ದರೆ, ಅಮೆರಿಕದ ಕೇಂದ್ರ ಕಚೇರಿಗೆ ಕಾಣುತ್ತಿದ್ದದ್ದು ಇಷ್ಟು: ಥೂಲೆ ಮೌನವಾಗಿದೆ, ಅದರ ಮೇಲೆ ಕಾವಲಿದ್ದ ವಿಮಾನವೂ ಮೌನವಾಗಿದೆ. ನೆಲೆಯ ಮೇಲೆ ದಾಳಿಯಾದರೆ ಹೇಗೆ ಕಾಣಬೇಕೋ ಹಾಗೆಯೇ. ಸಂದೇಹ ನಿವಾರಿಸಲೆಂದು ಇಟ್ಟ ವಿಮಾನವೇ ಅತಿ ದೊಡ್ಡ ಸಂದೇಹವನ್ನು ಹುಟ್ಟಿಸುವ ಸ್ಥಿತಿಯಲ್ಲಿತ್ತು. ಕಾವಲಿಗೆ ಇಟ್ಟದ್ದು, ಕಾಯುತ್ತಿರುವುದರ ಮೇಲೆಯೇ ಬೀಳಬಹುದಾದಷ್ಟು ಹತ್ತಿರದಲ್ಲಿದ್ದರೆ ಅವೆರಡೂ ಒಂದೇ ಏಟಿಗೆ ಹೋಗಬಹುದು. ಆರು ವರ್ಷಗಳಿಗೂ ಹೆಚ್ಚು ಕಾಲ ಸತತವಾಗಿ ನಡೆದ ಒಂದು ಏರ್ಪಾಡಿನೊಳಗೆ ಈ ಸಾಧ್ಯತೆ ಕೂತಿತ್ತು, ಮತ್ತು ಅದು ಬಯಲಿಗೆ ಬಂದದ್ದು ಬಿಸಿಗಾಳಿಯ ಕಿಂಡಿಯ ಮೇಲಿದ್ದ ಮೆತ್ತೆಗಳಿಂದ.

ಇಂಥ ಪ್ರಕರಣಗಳನ್ನು ಓದುವವರಲ್ಲಿ ಅನೇಕರು ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಹಡಗುಗಳಲ್ಲಿ ಸುರಕ್ಷತೆಯ ಹೊಣೆ ಹೊತ್ತವರಿರುತ್ತಾರೆ. ಅವರಿಗೆ ನಾನು ಹೇಳಬಯಸುವುದು, ಒಂದು ವ್ಯವಸ್ಥೆಗೆ ಹೊಸದಾಗಿ ಒಬ್ಬ ಮನುಷ್ಯನನ್ನೋ, ಒಂದು ಉಪಕರಣವನ್ನೋ, ಒಂದು ತಪಾಸಣೆಯನ್ನೋ ಸೇರಿಸುವ ದಿನ, ಅದು ಎಲ್ಲಿ ಕೂರುತ್ತದೆ, ಏನನ್ನು ಜೊತೆಗೆ ತರುತ್ತದೆ, ಆಪತ್ತಿನಲ್ಲಿ ಯಾವ ಬಾಗಿಲಿನಿಂದ ಹೊರಹೋಗುತ್ತದೆ ಎಂದು ಬರೆದಿಡಬೇಕು. ಥೂಲೆಯ ಮೂರನೆಯ ಪೈಲಟ್‌ನ ವಿಷಯದಲ್ಲಿ ಈ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಅಪಘಾತದಲ್ಲಿ.

ಹಿಮ ತೆಗೆದವರ ಸಂಗತಿ ಬಹಳ ಕಾಲ ಯಾರ ಲೆಕ್ಕದಲ್ಲೂ ಇರಲಿಲ್ಲ. ಕೆಲಸ ನಡೆಯುತ್ತಿದ್ದಾಗ ಸಿಬ್ಬಂದಿಯ ಮೂಗಿನಿಂದ 9,837 ಮಾದರಿಗಳನ್ನು ತೆಗೆದು ಪರೀಕ್ಷಿಸಿದ್ದರು. ಅವುಗಳಲ್ಲಿ 335ರಲ್ಲಿ ವಿಕಿರಣದ ಕುರುಹು ಸಿಕ್ಕಿತು, ಮಿತಿ ಮೀರಿದ್ದು ಯಾವುದೂ ಇಲ್ಲವೆಂದು ದಾಖಲಾಯಿತು. ಕಡತ ಅಲ್ಲಿಗೆ ಮುಚ್ಚಿತು. 1980ರ ದಶಕದಲ್ಲಿ, ಅಲ್ಲಿ ದುಡಿದು ಬಂದಿದ್ದ ಡೆನ್ಮಾರ್ಕಿನ ಕಾರ್ಮಿಕರು ತಮ್ಮ ಕಾಯಿಲೆಗಳ ಬಗ್ಗೆ ದನಿಯೆತ್ತಿದಾಗ ಸರ್ಕಾರ ಅಧ್ಯಯನಗಳನ್ನು ಮಾಡಿಸಿತು. ಅವರಲ್ಲಿ ಕ್ಯಾನ್ಸರ್ ಪ್ರಮಾಣ ಹೆಚ್ಚಾಗಿಯೇ ಕಂಡಿತು, ಆದರೆ ಅದಕ್ಕೆ ವಿಕಿರಣವೇ ಕಾರಣವೆಂದು ತೋರಿಸಲು ಆಗಲಿಲ್ಲ. ಸುಮಾರು 200 ಮಂದಿ ಅಮೆರಿಕದ ವಿರುದ್ಧ ಮೊಕದ್ದಮೆ ಹೂಡಿ ಸೋತರು. 1995ರಲ್ಲಿ ಡೆನ್ಮಾರ್ಕ್ ಸರ್ಕಾರವೇ ಸುಮಾರು 1,700 ಕಾರ್ಮಿಕರಿಗೆ ತಲಾ 50,000 ಕ್ರೋನರ್ ಪರಿಹಾರ ಕೊಟ್ಟಿತು.

ಸೋತ ಆ ಮೊಕದ್ದಮೆಯಿಂದಾಗಿ ಅಮೆರಿಕದ ಕಡತಗಳು ತೆರೆದುಕೊಂಡವು. ಡೆನ್ಮಾರ್ಕಿನವರಿಗಿಂತ ಹೆಚ್ಚು ವಿಕಿರಣಕ್ಕೆ ಒಡ್ಡಿಕೊಂಡಿರಬಹುದಾಗಿದ್ದ ಅಮೆರಿಕದ ವಾಯುಪಡೆಯ ಸಿಬ್ಬಂದಿಯ ಆರೋಗ್ಯವನ್ನು, ಹಡಗುಗಳು ಹೊರಟುಹೋದ ಮೇಲೆ ಯಾರೂ ಮತ್ತೆ ಪರೀಕ್ಷಿಸಿಯೇ ಇರಲಿಲ್ಲ ಎಂಬುದು ಆ ಕಡತಗಳಿಂದ ತಿಳಿಯಿತು. ಅವರ ನಿಯಮಿತ ತಪಾಸಣೆ ಆರಂಭವಾದದ್ದು ಅದರ ನಂತರ.